ಹದಿನೇಳು ಸೆಂಟಿಮೀಟರಿನ ಚೌಕ

ಮಿನಿ-ಐಟಿಎಕ್ಸ್ ಮದರ್‌ಬೋರ್ಡಿನ ಉದ್ದ 17 ಸೆಂ.ಮೀ., ಅಗಲವೂ ಅಷ್ಟೇ. ತೈವಾನಿನ ವಿಯಾ ಟೆಕ್ನಾಲಜೀಸ್ 2001ರಲ್ಲಿ ರೂಪಿಸಿದ ಈ ಅಳತೆಯೇ ಪುಟ್ಟ ಡೆಸ್ಕ್‌ಟಾಪನ್ನು ಕೈಯಾರೆ ಜೋಡಿಸುವವರಿಗೆ ಇಂದಿಗೂ ಅಡಿಪಾಯ. ಇದರಲ್ಲಿ ಸಾಮಾನ್ಯವಾಗಿ ರ‍್ಯಾಮ್‌ಗೆ ಎರಡು ಸ್ಲಾಟ್, ಗ್ರಾಫಿಕ್ಸ್ ಕಾರ್ಡಿಗೆ ಒಂದೇ ಒಂದು. ಜೋಡಣೆಯ ಜಾಣ್ಮೆಯೆಲ್ಲ ಮಿಲಿಮೀಟರುಗಳ ಲೆಕ್ಕದಲ್ಲಿದೆ: ಕೂಲರ್ ಎಷ್ಟು ಎತ್ತರವಿದ್ದರೆ ಮುಚ್ಚಳ ಕೂರುತ್ತದೆ, ಕಾರ್ಡ್ ಎಷ್ಟು ಉದ್ದವಿದ್ದರೆ ಕೇಸಿನೊಳಗೆ ಹಿಡಿಸುತ್ತದೆ, ಬಿಸಿಗಾಳಿ ಯಾವ ಕಡೆಯಿಂದ ಹೊರಹೋಗುತ್ತದೆ. ಕೆಲವು ವೈರುಗಳನ್ನು ಮೊದಲೇ ಸಿಕ್ಕಿಸಿಕೊಳ್ಳದಿದ್ದರೆ ಆಮೇಲೆ ಬೆರಳು ತೂರುವುದೇ ಇಲ್ಲ. ಕಿರಿಕಿರಿಯ ಕೆಲಸ, ನಿಜ. ಆದರೆ ಕೆಟ್ಟ ಭಾಗವೊಂದನ್ನೇ ಬದಲಿಸುವ, ನಾಲ್ಕಾರು ವರ್ಷಗಳ ನಂತರ ಕಾರ್ಡನ್ನಷ್ಟೇ ಹೊಸದು ಮಾಡಿಕೊಳ್ಳುವ ಸ್ವಾತಂತ್ರ್ಯ ಅದರಿಂದ ದಕ್ಕುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗಗಳನ್ನು ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬಹುದು.

ಸಿದ್ಧ ಪೆಟ್ಟಿಗೆಗಳ ಸೊಗಸು ಬೇರೆ. 2024ರ ಮ್ಯಾಕ್ ಮಿನಿ ಸುಮಾರು 12.7 ಸೆಂ.ಮೀ. ಚೌಕ, ಪವರ್ ಸಪ್ಲೈ ಕೂಡ ಅದರೊಳಗೇ ಅಡಗಿದೆ. ಇಷ್ಟು ಅಚ್ಚುಕಟ್ಟು ಮನೆಯ ಜೋಡಣೆಗೆ ಎಟುಕದು. ಅದಕ್ಕೆ ತೆರುವ ಬೆಲೆಯೆಂದರೆ, ಕೊಂಡ ಮೇಲೆ ರ‍್ಯಾಮ್ ಹೆಚ್ಚಿಸಲಾಗದು. ಇತರ ಹಲವು ಮಿನಿ ಪಿಸಿಗಳಲ್ಲಿ ಲ್ಯಾಪ್‌ಟಾಪಿನ ರ‍್ಯಾಮ್, ಎಸ್‌ಎಸ್‌ಡಿ ಬದಲಿಸಲು ಅವಕಾಶವಿದೆ, ಪ್ರೊಸೆಸರ್ ಮಾತ್ರ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಟೈಪಿಂಗ್, ಲೆಕ್ಕಪತ್ರ, ಸಿನಿಮಾಗಳಿಗೆ ಇವು ಧಾರಾಳ ಸಾಕು. ದೊಡ್ಡ ಗೇಮುಗಳಿಗೆ ಗ್ರಾಫಿಕ್ಸ್ ಕಾರ್ಡ್ ಬೇಕೆನ್ನುವವರು ಸ್ಕ್ರೂಡ್ರೈವರ್ ಹಿಡಿಯುವುದೇ ಲೇಸು.