ಕಲ್ಪರಸ ಕಾಯಿಸುವ ಮುನ್ನ

ಕೆನಡಾದಲ್ಲಿ ಹಿತ್ತಿಲ ಮೇಪಲ್ ಮರಕ್ಕೆ ತೂತು ಕೊರೆದು, ಬಕೆಟ್ಟು ತೂಗುಹಾಕಿ, ಇದ್ದ ಪಾತ್ರೆಯಲ್ಲೇ ರಸ ಬತ್ತಿಸಿ ಪಾಕ ಮಾಡುವ ಮನೆಗಳು ಬೇಕಾದಷ್ಟಿವೆ. ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ತೋಟಗಳಲ್ಲಿ ತೆಂಗಿನ ರಸಕ್ಕೂ ಇದೇ ಅಗ್ಗದ ದಾರಿ ಹಿಡಿಯಬಹುದೇ?

ಒಲೆಯ ಲೆಕ್ಕದಲ್ಲಿ ನಾವೇ ಮುಂದೆ. ಮೇಪಲ್ ರಸದಲ್ಲಿ ಸಕ್ಕರೆ ಶೇ. 2ರ ಆಸುಪಾಸು, ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ಕುದಿಯಬೇಕು. ಹೊಂಬಾಳೆಯ ರಸದಲ್ಲಿ ಶೇ. 15ರಷ್ಟಿರುತ್ತದೆ, ಆರೇಳು ಲೀಟರ್ ಸಾಕು. ಉರುವಲಿಗೆ ಗೆರಟೆ, ಸಿಪ್ಪೆ, ಒಣ ಮಡಲು ತೋಟದಲ್ಲೇ ಬಿದ್ದಿರುತ್ತವೆ. ಅಗಲ ಬಾಯಿಯ ಉರುಳಿ ಇದ್ದರಾಯಿತು. ನೊರೆ ಉಕ್ಕಿದರೆ ಎರಡು ಹನಿ ತೆಂಗಿನೆಣ್ಣೆ.

ಸೋಲುವುದು ಮರದ ಮೇಲೆ. ಮೇಪಲ್ ರಸ ಇಳಿಯುವುದು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ. ಅಲ್ಲಿ ಚಳಿಯೇ ಪುಕ್ಕಟೆ ಶೀತಪೆಟ್ಟಿಗೆ. ನಮ್ಮ ಕರಾವಳಿಯ ಸೆಕೆಯಲ್ಲಿ ರಸ ಗಡಿಗೆಯಲ್ಲಿರುವಾಗಲೇ ಹುಳಿಯತೊಡಗಿ ಕಳ್ಳಾಗುತ್ತದೆ. ಹುಳಿತದ್ದನ್ನು ಎಷ್ಟು ಕಾಯಿಸಿದರೂ ಒಳ್ಳೆಯ ಬೆಲ್ಲ ಕೂರುವುದಿಲ್ಲ. ಕಳ್ಳು ಇಳಿಸುವ ಮೂರ್ತೆದಾರರ ಹಳೆಯ ಉಪಾಯ, ಗಡಿಗೆಯ ಒಳಗೆ ಸುಣ್ಣ ಬಳಿಯುವುದು. ಇದರಷ್ಟು ಅಗ್ಗದ್ದು ಬೇರೆ ಇಲ್ಲ, ಆದರೆ ಕೈ ತುಸು ಜಾಸ್ತಿಯಾದರೆ ಪಾಕಕ್ಕೆ ಸುಣ್ಣದ ರುಚಿ ಹತ್ತುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದ ಮಂಜುಗಡ್ಡೆ ಪೆಟ್ಟಿಗೆ ಈ ದೋಷ ಕಳೆಯಿತು. ಸುಣ್ಣವಿಲ್ಲದ ಆ ರಸಕ್ಕೇ ಕಲ್ಪರಸವೆಂದು ಹೆಸರು. ರುಚಿಯಲ್ಲಿ ಇದೇ ಮೇಲು, ಸಂಶಯವಿಲ್ಲ. ಆದರೆ ಮಂಜುಗಡ್ಡೆ ತರಬೇಕು, ಪೆಟ್ಟಿಗೆ ಮೇಲೇರಿಸಬೇಕು, ಹೊಂಬಾಳೆ ಬಡಿದು ಕೆತ್ತಲು ದಿನವೂ ಒಬ್ಬರು ಮರ ಹತ್ತಬೇಕು. ಮರವೊಂದಕ್ಕೆ ದಿನಕ್ಕೆ ಸಿಗುವುದು ಎರಡು ಲೀಟರಿನ ಸುತ್ತಮುತ್ತ. ಕಾಯಿ ಕೊಯ್ಯುವುದಕ್ಕೇ ಜನ ಸಿಗದ ಕಾಲದಲ್ಲಿ ಇದನ್ನು ಕಡಿಮೆ ಖರ್ಚಿನ ಮನೆಗೆಲಸ ಎನ್ನಲು ನನಗೆ ಮನಸ್ಸಾಗದು. ಮೇಲಾಗಿ ನೀರಾ, ಅಂದರೆ ಹುಳಿಯದ ಈ ರಸ, ಇಳಿಸಲು ಅಬಕಾರಿ ಪರವಾನಗಿಯೂ ಬೇಕು. ಹಾಗಾಗಿ ಕುಂದಾಪುರದ ಜಪ್ತಿ ಗ್ರಾಮದಲ್ಲಿ ಬೆಳೆಗಾರರು ಕಂಪನಿ ಕಟ್ಟಿಕೊಂಡು ಕಲ್ಪರಸಕ್ಕೆ ಕೈಹಾಕಿದ್ದು ನ್ಯಾಯವಾಗಿಯೇ ಇದೆ; ಪರವಾನಗಿ, ಮಂಜುಗಡ್ಡೆ, ಮರ ಹತ್ತುವವರ ಸಂಬಳ ಒಂದೇ ಮನೆಯ ತಲೆಗೆ ಬೀಳುವುದಿಲ್ಲ.

ಒಳ್ಳೆಯ ರಸ ಕೈಗೆ ಬಂದಿದ್ದರೆ, ಸಕ್ಕರೆಯ ಆಸೆ ಬಿಟ್ಟು ಪಾಕದಲ್ಲೇ ನಿಲ್ಲಿಸುವುದು ಜಾಣತನ. ಸಕ್ಕರೆಗೆ 115 ಡಿಗ್ರಿ ದಾಟಬೇಕು. ಆ ಹಂತದಲ್ಲಿ ಕಣ್ಣು ಆಚೀಚೆಯಾದರೆ ತಳ ಹಿಡಿಯಿತೆಂದೇ ಲೆಕ್ಕ. ಪಾಕಕ್ಕೆ 104ರ ಆಸುಪಾಸು ಸಾಕು. ನೀರುದೋಸೆಗೆ ನಂಚಿಕೊಳ್ಳಲು, ಹಾಲುಬಾಯಿಗೆ ಬೆಲ್ಲದ ಬದಲು ಹಾಕಲು ಅದರ ಕಂದು ಘಮವೇ ಚಂದ. ಸಕ್ಕರೆ ಕಾಯಿಲೆಯವರೂ ನಿಶ್ಚಿಂತೆಯಿಂದ ತಿನ್ನಬಹುದು ಎಂಬ ಪ್ರಚಾರವನ್ನು ಮಾತ್ರ ಒಪ್ಪಲಾರೆ. ತೆಂಗಿನ ಸಕ್ಕರೆಯಲ್ಲಿ ಇರುವುದು ಬಹುಪಾಲು ಸುಕ್ರೋಸೇ, ಕಬ್ಬಿನ ಸಕ್ಕರೆಯಲ್ಲಿರುವುದೂ ಅದೇ.