ನಗಸಾಕ ನಾವ, ಅಳಸಾಕ ನಾವ

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಪ್ರಕಟವಾದ ದಿನ ಆಫೀಸಿನ ಕನ್ನಡ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಪ್ರಶ್ನೆ: ಕನ್ನಡಕ್ಕೆ ಎಷ್ಟು ಬಂತು? 2024ರ ಆಗಸ್ಟಿನಲ್ಲಿ ‘ಕಾಂತಾರ’ಕ್ಕಾಗಿ ರಿಷಬ್ ಶೆಟ್ಟಿ ಶ್ರೇಷ್ಠ ನಟ ಆದಾಗಂತೂ ಹಬ್ಬ. ಸಂತೋಷವೇ. ಆದರೆ ನವಲಗುಂದ ಕಡೆಯವನಾದ ನಾನು ಈ ಪಟ್ಟಿಯಲ್ಲಿ ಹುಡುಕೋದು ಬೇರೆ. ನಮ್ಮ ಮಂದಿ ಎಷ್ಟು ಸಲ ಬಂದ್ರು, ಬಂದಾಗ ಹೆಂಗ ಬಂದ್ರು?

2013ರ ಸಾಲಿನ ಶ್ರೇಷ್ಠ ಕನ್ನಡ ಚಿತ್ರ ಪಿ. ಶೇಷಾದ್ರಿಯವರ ‘ಡಿಸೆಂಬರ್-1’. ಉತ್ತರ ಕರ್ನಾಟಕದ ಬಡವರ ಮನೆಗೆ ಮುಖ್ಯಮಂತ್ರಿ ಗ್ರಾಮ ವಾಸ್ತವ್ಯಕ್ಕೆ ಬರ್ತಾರೆ. ಅವರು ಹೋದ ಮೇಲೆ ಆ ಸಂಸಾರದ ನೆಮ್ಮದಿಯೂ ಹೋಗುತ್ತೆ. 2014ರದ್ದು ಮಂಸೋರೆಯವರ ‘ಹರಿವು’. ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಮಗನ ಹೆಣವನ್ನು, ಗಾಡಿ ಮಾಡಿಸಲು ದುಡ್ಡಿಲ್ಲದ ಅಪ್ಪ ಟ್ರಂಕಿನಲ್ಲಿಟ್ಟು ಊರಿಗೆ ಒಯ್ಯೋ ಕಥೆ. ಅಪ್ಪನಾಗಿ ಸಂಚಾರಿ ವಿಜಯ್. ಅದೇ ವರ್ಷ ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ ಶ್ರೇಷ್ಠ ನಟ ಪ್ರಶಸ್ತಿ ಪಡೆದವರು.

‘ಹರಿವು’ ದೊಡ್ಡ ಸಿನಿಮಾ. ಮೆಜೆಸ್ಟಿಕ್‌ನಲ್ಲಿ ಟ್ರಂಕ್ ಹೊತ್ತವನನ್ನು ಯಾರೂ ತಿರುಗಿ ನೋಡೋದಿಲ್ಲ. ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಹುಬ್ಬಳ್ಳಿ ಬಸ್ ಹತ್ತೋ ನಾವೂ ನೋಡೋದಿಲ್ಲ. ಆ ಟ್ರಂಕಿನ ಕಡೆ ಕಣ್ಣು ಹಾಯಿಸುವಂತೆ ಮಾಡಿದ್ದಕ್ಕೇ ಅದಕ್ಕೆ ಪ್ರಶಸ್ತಿ ಸಲ್ಲಬೇಕು.

ನನ್ನ ತಕರಾರು ಇರೋದು ಒಂದು ಸಿನಿಮಾದ ಮೇಲಲ್ಲ, ಸಾಲಿನ ಮೇಲೆ. ಕಮರ್ಷಿಯಲ್ ಸಿನಿಮಾದಲ್ಲಿ ನಮ್ಮ ಮಾತು ಕಾಮಿಡಿಗೆ. ‘ಹೌದಲೇ ಮಗನ’ ಅಂದ್ರ ಸಾಕು, ಥಿಯೇಟರ್ ನಗುತ್ತೆ. ಪ್ರಶಸ್ತಿ ಸಿನಿಮಾದಲ್ಲಿ ಅದೇ ಮಾತು ಕಣ್ಣೀರಿಗೆ. ನಡುವೆ ಇರೋ ಮನುಷ್ಯ ಎಲ್ಲಿ? ಬದುವಿನ ಸಲುವಾಗಿ ಅಣ್ಣನ ಜೋಡಿ ಕೋರ್ಟಿಗೆ ಹೋಗೋನು, ಕಡಲಿ ರೇಟು ಏರಲಿ ಅಂತ ಚೀಲ ಕಟ್ಟಿ ಕಾಯೋನು, ಸಾಲ ಮಾಡಿ ಮಗಳನ್ನು ಬಿ.ಇ. ಓದಿಸಿ ಊರ ತುಂಬಾ ಜಂಬ ಕೊಚ್ಚೋನು? 1980ರ ಜುಲೈನಲ್ಲಿ ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದು ನಿಂತು ಗೋಲಿಬಾರ್ ಎದುರಿಸಿದ ನವಲಗುಂದ, ನರಗುಂದದ ರೈತರು ‘ಪಾಪದವರು’ ಆಗಿರಲಿಲ್ಲ.

ಹಂಗಾದ್ರ ಬಡತನ ಸುಳ್ಳೇನು? ಅಲ್ಲ. ಆದರೆ ಬಡವನಿಗೆ ಬಡತನ ಒಂದೇ ಗುಣ ಅಲ್ಲ. 2015ರ ಶ್ರೇಷ್ಠ ಕನ್ನಡ ಚಿತ್ರ ‘ತಿಥಿ’ ನೋಡಿ. ಮಂಡ್ಯದ ಹಳ್ಳಿಯ ಬಡವರೇ. ಆದರೆ ಕಳ್ಳತನ ಮಾಡ್ತಾರೆ, ಆಸ್ತಿಗೆ ಸುಳ್ಳು ದಾಖಲೆ ಮಾಡಿಸ್ತಾರೆ, ಪ್ರೀತಿಗೆ ಬೀಳ್ತಾರೆ. ನಗ್ತೀವಿ, ಆದರೆ ಅವರ ಭಾಷೆಗೆ ನಗೋದಿಲ್ಲ. ಕಾರಣ ಸರಳ. ನಿರ್ದೇಶಕ ರಾಮ್ ರೆಡ್ಡಿ ಜೊತೆ ಕಥೆ ಬರೆದ ಈರೇಗೌಡ ಅದೇ ನೊದೆಕೊಪ್ಪಲಿನವರು. ‘ಕಾಂತಾರ’ದ ರಿಷಬ್ ಕುಂದಾಪುರ ತಾಲೂಕಿನ ಕೆರಾಡಿಯವರು. ಊರಿನವನೇ ಬರೆದಾಗ ಊರು ಬರೀ ‘ಸಮಸ್ಯೆ’ಯಾಗಿ ಉಳಿಯೋದಿಲ್ಲ.

ನಮ್ಮ ಕಡೆಗೂ ಒಮ್ಮೆ ಆ ಭಾಗ್ಯ ಸಿಕ್ಕಿತ್ತು. ನಾಗಾಭರಣರ ‘ಸಂತ ಶಿಶುನಾಳ ಷರೀಫ’ 1990ರ ಸಾಲಿನಲ್ಲಿ ರಾಷ್ಟ್ರೀಯ ಭಾವೈಕ್ಯತೆಯ ನರ್ಗಿಸ್ ದತ್ ಪ್ರಶಸ್ತಿ ಪಡೀತು. ನಿರ್ದೇಶಕರು ಈ ಕಡೆಯವರಲ್ಲ. ಆದರೆ ಆ ಚಿತ್ರದ ಜೀವ ಇರೋದು ಹಾಡಿನಲ್ಲಿ, ಹಾಡು ಷರೀಫರದ್ದೇ. ಅವರ ಗುರು ಗೋವಿಂದ ಭಟ್ಟರ ಕಳಸ ನಮ್ಮ ಕುಂದಗೋಳ ತಾಲೂಕಿನದು. ಅಲ್ಲಿ ನಮ್ಮ ಮಾತು ಕೆಣಕುತ್ತೆ, ದೇವರ ಹತ್ತಿರ ಸಲುಗೆಯಿಂದ ಜಗಳಾಡುತ್ತೆ. ಯಾರ ಕನಿಕರವನ್ನೂ ಕೇಳೋದಿಲ್ಲ.

ಜ್ಯೂರಿಯನ್ನು ಬೈದು ಉಪಯೋಗ ಇಲ್ಲ. ಮುಂದೆ ಬಂದ ಸಿನಿಮಾದಲ್ಲೇ ಅವರು ಆರಿಸಬೇಕು. ಅಣ್ಣಿಗೇರಿ, ಕಲಘಟಗಿಯಿಂದ ಬಂದು ಕೋಡ್ ಬರೆಯೋರು ಸಾವಿರ ಮಂದಿ ಇದ್ದೀವಿ, ಚಿತ್ರಕಥೆ ಬರೆಯೋರು ಎಷ್ಟು? ಬರೆದವರ ಸಿನಿಮಾಕ್ಕೆ ಮೊದಲ ವಾರ ಟಿಕೆಟ್ ತಗೊಂಡೋರು ಎಷ್ಟು? ದಿಲ್ಲಿಯ ರಜತ ಕಮಲ ಇನ್ನೊಮ್ಮೆ ನಮ್ಮ ಕಡೆಯ ಕಥೆಗೆ ಬರಲಿ. ಆದರೆ ಈ ಸಲ ಅದನ್ನು ತರೋನು ಒಬ್ಬ ಜಗಳಗಂಟ ಆಗಿರಲಿ.