ಕೀರ್ದಿಗೆ ಗೊತ್ತಿದ್ದದ್ದು ಗ್ನುಕ್ಯಾಶ್‌ಗೆ ಗೊತ್ತಿಲ್ಲ

ಮನೆ ಲೆಕ್ಕಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದೆಂದು ತಿಳಿದವರನ್ನು ಕೇಳಿದರೆ ಹೆಚ್ಚಾಗಿ ಬರುವ ಉತ್ತರ ಗ್ನುಕ್ಯಾಶ್. ಪುಕ್ಕಟೆ ಸಿಗುತ್ತದೆ, ಜೋಡಿ ನಮೂದಿನದು, 1998ರಿಂದ ನಡೆದುಬಂದದ್ದು. ದುಡ್ಡು ಕೊಡದೆ ಪಡೆದದ್ದನ್ನು ಬೈಯಬಾರದೇನೋ. ಆದರೆ ಬಾಂಡಿನ ವಿಷಯಕ್ಕೆ ಬಂದರೆ ಈ ಖ್ಯಾತಿ ಅತಿಯಾಯಿತು.

2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಶುರುವಾದ ಮೇಲೆ ಇಳಕಲ್ಲಿನ ಸೀರೆ ಅಂಗಡಿಯವರೂ ಬಾಗಲಕೋಟೆ ನವನಗರದ ನಿವೃತ್ತ ಮಾಸ್ತರರೂ 10,000 ರೂಪಾಯಿ ಇದ್ದರೆ ಮನೆಯಲ್ಲೇ ಕೂತು ಸರ್ಕಾರಿ ಬಾಂಡ್ ಕೊಳ್ಳಬಹುದು.

ತೊಡಕು ಅದನ್ನು ಲೆಕ್ಕಕ್ಕೆ ಬರೆಯುವಾಗ. ಮುಖಬೆಲೆ ಒಂದು ಲಕ್ಷ, ಬಡ್ಡಿ ವರ್ಷಕ್ಕೆ ಶೇ. 7.2, ಆರು ತಿಂಗಳಿಗೊಮ್ಮೆ ಪಾವತಿ ಎನ್ನಿ. ನೂರಕ್ಕೆ 98.50ರಂತೆ ಕೊಂಡಿರಿ. ಹಿಂದಿನ ಬಡ್ಡಿ ಪಾವತಿಯಾಗಿ ಮೂರು ತಿಂಗಳಾಗಿದೆ. ಆ ಮೂರು ತಿಂಗಳ 1,800 ರೂಪಾಯಿ ಮಾರಿದವನ ಪಾಲು, ಅದನ್ನೂ ನೀವೇ ಕೊಡಬೇಕು. ಬ್ಯಾಂಕಿನಿಂದ ಹೋಗುವುದು 1,00,300. ಗ್ನುಕ್ಯಾಶ್‌ನಲ್ಲಿ ಬಾಂಡಿಗೆಂದೇ ಬೇರೆ ಬಗೆಯ ಖಾತೆ ಇಲ್ಲ, ಷೇರಿನ ಖಾತೆಯಲ್ಲೇ ಬರೆಯಬೇಕು. ನೂರು ರೂಪಾಯಿಯ ಸಾವಿರ ಬಾಂಡ್, ಹೋದದ್ದು ಇಷ್ಟು ಎಂದು ತುಂಬಿದರೆ ದರ 100.30 ಎಂದು ತಾನೇ ಲೆಕ್ಕ ಹಾಕಿ ಸುಮ್ಮನಾಗುತ್ತದೆ. ಎರಡೂ ಬದಿ ತಾಳೆಯಾಯಿತು, ಲೆಕ್ಕ ಸುಳ್ಳಾಯಿತು! ಮುಂದೆ ಬರುವ 3,600 ಇಡಿಯಾಗಿ ಆದಾಯಕ್ಕೆ ಹೋಗುತ್ತದೆ. ಅವಧಿ ಮುಗಿದು ಲಕ್ಷ ರೂಪಾಯಿ ಕೈಗೆ ಬಂದ ದಿನ 300 ನಷ್ಟ ತೋರಿಸುತ್ತದೆ. ನಿಜಕ್ಕೂ ಆದದ್ದು 1,500 ಲಾಭ. ನಾನೂ ಒಂದು ವರ್ಷ ಹೀಗೇ ಬರೆದು, ಬಡ್ಡಿ ಜಾಸ್ತಿ ಬಂತೆಂದು ಹಿಗ್ಗಿದ್ದೆ.

ಸರಿಯಾಗಿ ಬರೆಯಬೇಕಾದರೆ ಬಾಂಡಿನ ಖಾತೆಗೆ 98,500, ‘ಬರಬೇಕಾದ ಬಡ್ಡಿ’ ಎಂಬ ಬೇರೆ ಖಾತೆಗೆ 1,800 ಹಾಕಬೇಕು. 3,600 ಬಂದಾಗ ಮೊದಲು ಆ 1,800 ತೀರಬೇಕು. ಉಳಿದರ್ಧ ಮಾತ್ರ ಆದಾಯ. ಕೀರ್ದಿ ಬರೆಯುವ ಗುಮಾಸ್ತ ನೇಕಾರನಿಗೆ ಕೊಟ್ಟ ಮುಂಗಡವನ್ನು ಸೀರೆಯ ದರಕ್ಕೆ ಕೂಡಿಸುವುದಿಲ್ಲ, ನೇಕಾರನ ಹೆಸರಿಗೆ ಬೇರೆ ಬರೆದಿಡುತ್ತಾನೆ. ಇದೂ ಅದೇ ವಿವೇಕ.

‘ಎಲ್ಲ ಖರೀದಿ ಬೆಲೆಗೇ ಹಾಕಿಬಿಡಿ’ ಎನ್ನುವ ಪಂಡಿತರು ವಿಜಯಾ ಬ್ಯಾಂಕ್ ತೀರ್ಪನ್ನು ಮುಂದಿಡುತ್ತಾರೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಆ ಬ್ಯಾಂಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇಂಥ ಬಡ್ಡಿಯನ್ನು ಬೆಲೆಯ ಭಾಗವೆಂದದ್ದು ನಿಜವೇ. 2024ರ ಅಕ್ಟೋಬರ್‌ನಲ್ಲಿ ಬ್ಯಾಂಕ್ ಆಫ್ ರಾಜಸ್ಥಾನ್ ಪ್ರಕರಣದಲ್ಲಿ ಅದೇ ಕೋರ್ಟ್, ಬ್ಯಾಂಕು ವ್ಯಾಪಾರದ ಸರಕಾಗಿ ಇಟ್ಟ ಬಾಂಡಾದರೆ ಆ ಬಡ್ಡಿಯನ್ನು ಆದಾಯದಿಂದ ಕಳೆಯಬಹುದೆಂದಿತು. ಇದನ್ನು ಪಂಡಿತರು ಹೇಳುವುದಿಲ್ಲ. ಹೇಳಿದರೂ ಎರಡೂ ಬ್ಯಾಂಕುಗಳ ತೆರಿಗೆಯ ಜಗಳ. ನಿಮ್ಮ ರಿಟರ್ನ್‌ನಲ್ಲಿ ಏನು ಬರೆಯಬೇಕೆಂದು ಆಡಿಟರರು ಹೇಳಲಿ. ಈ ವರ್ಷ ನಿಜವಾಗಿ ದುಡಿದ ಬಡ್ಡಿ ಎಷ್ಟೆಂದು ಮನೆಯ ಪುಸ್ತಕ ಹೇಳಬೇಕು. ಬೇರೆ ಇಟ್ಟದ್ದನ್ನು ಮಾರ್ಚ್‌ನಲ್ಲಿ ಕೂಡಿಸಿಕೊಳ್ಳಬಹುದು; ಕೂಡಿಸಿದ್ದನ್ನು ಬಿಡಿಸಲು ಹಳೆಯ ಚೀಟಿ ಹುಡುಕುತ್ತ ಕೂರಬೇಕು.

ಗ್ನುಕ್ಯಾಶ್‌ನಲ್ಲಿ ಬಾಂಡ್ ಬರೆದವರು ಒಮ್ಮೆ ದರದ ಕಲಮು ತೆರೆದು ನೋಡಿ. ಕೊಂಡ ದರಕ್ಕಿಂತ ಅಲ್ಲಿ ಜಾಸ್ತಿ ಕಂಡರೆ, ಆ ಜಾಸ್ತಿಯನ್ನು ಇವತ್ತೇ ಬೇರೆ ಖಾತೆಗೆ ತೆಗೆಯಿರಿ.